ಮೂವತ್ತು ಸೆಕೆಂಡಿನ ವರದಿ

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳೋಣ ಅಂತ ಇಟ್ಟುಕೊಂಡರೆ ನಡುವೆ ಎಲ್ಲೋ ಒಂದು ತಮಾಷೆ ಮಾಡಿ ಜಾರಿಕೊಳ್ಳುವ ಆಸಾಮಿ ನಾನು. ಉದ್ದುದ್ದ ಮಾತಾಡುತ್ತಿದ್ದ ಒಬ್ಬ ಹೆಂಗಸಿಗೆ ಚುಟುಕಾಗಿ ಮಾತಾಡುವುದನ್ನು ಕಲಿಸಿದೆ. ಅದನ್ನು ಕಲಿಸುವುದೇ ನನ್ನ ಉದ್ಯೋಗವಾಗಿತ್ತು. ಆಕೆ ಕಲಿತರು. ಕಲಿತದ್ದಕ್ಕೆ ನಾನು ಐದಕ್ಕೆ ಐದು ಅಂಕ ಕೊಟ್ಟೆ. ಅಂಕ ಕೊಟ್ಟ ಎರಡೂವರೆ ಗಂಟೆಗೆ, ಆಕೆ ನೋಡಿಕೊಳ್ಳುತ್ತಿದ್ದ ಅಜ್ಜಿಯನ್ನು ಆಂಬುಲೆನ್ಸಿನವರು ಎತ್ತಿಕೊಂಡು ಹೋದರು.

ನನ್ನ ಉದ್ಯೋಗ ಏನು ಅಂತ ಮೈಸೂರಿನಲ್ಲಿರುವ ಅಮ್ಮನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆಲ್ಲ "ಕಂಪ್ಯೂಟರ್" ಅನ್ನುತ್ತಾಳೆ, ಕೇಳಿದವರು ಸಮಾಧಾನವಾಗಿ ಹೋಗುತ್ತಾರೆ. ನಿಜ ಏನೆಂದರೆ, ರಾಕ್‌ವಿಲ್‌ನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿದ್ದ ಪುಟ್ಟ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೆ. ಆಸ್ಪತ್ರೆಗಳಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳಲ್ಲಿ ಕೆಲಸದವರು ಒಬ್ಬರಿಂದೊಬ್ಬರಿಗೆ ವಿಷಯ ಹೇಗೆ ದಾಟಿಸುತ್ತಾರೆ ಎಂದು ಪಕ್ಕದಲ್ಲಿ ನಿಂತು ಕೇಳಿ, ಅಂಕ ಹಾಕಿ, ಕಡಿಮೆ ಬಂದವರಿಗೆ ಹೇಳಿಕೊಡುವುದು ನಮ್ಮ ಕಸುಬು. ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರ ಕೆಮ್ಮು, ಗಣಿತದ ಮೇಷ್ಟ್ರ ನಡಿಗೆ, ಸಿಟಿ ಬಸ್ಸಿನ ಕಂಡಕ್ಟರನ ಸೀಟಿ ಇವನ್ನೆಲ್ಲ ಅಣಕಿಸಿ ಏಟು ತಿಂದಿದ್ದವನು ನಾನು. ಜನ ಮಾತಾಡುವುದನ್ನು ಕಿವಿಗೊಟ್ಟು ಕೇಳಿದರೆ ಸಂಬಳ ಕೊಡುವ ದೇಶವೊಂದಿದೆ ಅಂತ ಆಗ ಗೊತ್ತಿದ್ದರೆ ಇನ್ನೂ ಎರಡು ಏಟು ಖುಷಿಯಾಗಿ ತಿನ್ನುತ್ತಿದ್ದೆ.

ಆ ವರ್ಷ ನಮಗೆ ಹೊಸ ಗಿರಾಕಿ ಸಿಕ್ಕಿತ್ತು. ಜಪಾನಿನಲ್ಲಿ ವೃದ್ಧರ ಆರೈಕೆಯ ಮನೆಗಳನ್ನು ನಡೆಸುವ ಒಂದು ಕಂಪನಿ. ಜಾರ್ಜಿಯಾಕ್ಕೂ ಕೆರೊಲಿನಾಗಳಿಗೂ ಕಾರಿನ ಕಾರ್ಖಾನೆಗಳ ಜೊತೆ ಬಂದು ನೆಲೆಸಿದ ಜಪಾನೀಯರ ತಾಯಿತಂದೆಯರಿಗಾಗಿ ಅವರು ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್ ಹತ್ತಿರ ಒಂದು ಮನೆ ತೆರೆದಿದ್ದರು. ಒಳಗೆ ಎಲ್ಲವೂ ಜಪಾನಿನ ಹಾಗೆ: ಬಾಗಿಲಲ್ಲೇ ಚಪ್ಪಲಿ ಬದಲಾಯಿಸಬೇಕು, ಮಧ್ಯಾಹ್ನಕ್ಕೆ ಅನ್ನ ಮತ್ತು ತಿಳಿಸಾರಿನಂಥ ಸೂಪು, ಎರಡು ಗಂಟೆಗೆ ಹಬೆಯಾಡುವ ಹಸಿರು ಚಹಾ. ಕೆಲಸದವರು ಮಾತ್ರ ಎಲ್ಲೆಲ್ಲಿಯವರೋ: ಹೈಟಿ, ಫಿಲಿಪೀನ್ಸ್, ಗ್ಯಾಂಬಿಯಾ. ಜಪಾನಿನ ಮನೆಗಳಲ್ಲಿ ಕೆಲಸದವರ ಮಾತುಕತೆಗೆ ಯಾವ ಅಳತೆಗೋಲು ಇದೆಯೋ ಅದರಲ್ಲೇ ಇವರನ್ನೂ ಅಳೆಯಬೇಕು ಅಂತ ಕಂಪನಿಯವರ ಅಪೇಕ್ಷೆ. ಅಂಕ ಹಾಕುವ ಫಾರ್ಮೂ ಅಲ್ಲಿಂದಲೇ ಬಂತು. ಕೆರೊಲಿನಾದಲ್ಲಿ ಎರಡನೇ ಮನೆಯ ಯೋಚನೆಯಿತ್ತು. ಇಲ್ಲಿ ಅಂಕಗಳು ಏರಿದರೆ ಆ ಕೆಲಸವೂ ನಮಗೇ ಎಂದು ನಮ್ಮ ಬಾಸ್ ಕಿವಿಯಲ್ಲಿ ಊದಿ ನನ್ನನ್ನು ಹತ್ತು ವಾರಕ್ಕೆ ಕಳಿಸಿದರು. ನಾನು ಅಲ್ಲಿಂದ ಒಂದು ಗಂಟೆ ದೂರದ ಕಮ್ಮಿಂಗ್‌ನಲ್ಲಿರುವ ಅಕ್ಕನ ಮನೆಯ ಬೇಸ್‌ಮೆಂಟಿಗೆ ಸೂಟ್‌ಕೇಸ್ ಸಮೇತ ಇಳಿದೆ.

ಅಳೆಯಬೇಕಿದ್ದದ್ದು ಮುಖ್ಯವಾಗಿ ಮಧ್ಯಾಹ್ನ ಮೂರು ಗಂಟೆಯ ಹ್ಯಾಂಡೋವರ್. ಬೆಳಗಿನ ಪಾಳಿಯವರು ಸಂಜೆಯ ಪಾಳಿಯವರಿಗೆ ಮನೆ ಒಪ್ಪಿಸುವ ಹೊತ್ತು. ಎಲ್ಲರೂ ವೃತ್ತವಾಗಿ ನಿಲ್ಲುತ್ತಾರೆ, ಒಂದು ಚೂರು ತಲೆ ಬಾಗಿಸುತ್ತಾರೆ, ಒಬ್ಬೊಬ್ಬರೂ ತಾವು ನೋಡಿಕೊಂಡ ಅಜ್ಜ ಅಜ್ಜಿಯರ ವರದಿ ಒಪ್ಪಿಸುತ್ತಾರೆ. ತಲೆಗೆ ಮೂವತ್ತು ಸೆಕೆಂಡು. ತೀರ್ಮಾನ ಮೊದಲು, ವಿವರ ಆಮೇಲೆ. ಕಂಡದ್ದನ್ನು ಹೇಳಬೇಕು, ಅನ್ನಿಸಿದ್ದನ್ನು ಬೆರೆಸಬಾರದು. ಹೇಳುವಂಥದ್ದು ಏನೂ ಇರದಿದ್ದರೆ "ನೋ ಸ್ಪೆಷಲ್ ಚೇಂಜ್" ಅಂದು ಮುಂದಕ್ಕೆ ಹೋಗಬೇಕು. ಜಪಾನಿನ ಮನೆಗಳಲ್ಲಿ ದಿನವೂ ಹೇಳುವ ಮಾತಂತೆ ಅದು, ಇಂಗ್ಲಿಷಿಗೆ ತಿರುಗಿಸಿಕೊಂಡಿದ್ದರು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಒಂದು ಥರ ಸಂಧ್ಯಾವಂದನೆಯ ಶಿಸ್ತು. ನನಗೆ ಬಹಳ ಇಷ್ಟವಾಯಿತು, ಯಾಕೆಂದರೆ ಅಣಕಿಸಲು ಬಹಳ ಸುಲಭವಾಗಿತ್ತು.

ಮೊದಲ ದಿನ ಆ ವೃತ್ತದಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡು ನಿಂತಿದ್ದರು. ಇಂಥ ಮನೆಗಳಲ್ಲಿ ಆಗಿನ್ನೂ ಅದು ಕಡ್ಡಾಯ. ಕಣ್ಣು ಮತ್ತು ದನಿ ಬಿಟ್ಟರೆ ಯಾರದೂ ಏನೂ ಕಾಣದು. ಒಂದು ದನಿ ಶುರುವಾಯಿತು, ಮೂರನೇ ಶಬ್ದಕ್ಕೇ ನನ್ನ ಕಿವಿ ನೆಟ್ಟಗಾಯಿತು. ಇಂಗ್ಲಿಷು ಹೌದು, ಆದರೆ ಅದರ ಬೆನ್ನೆಲುಬು ಗದಗಿನದು. "ಸನ್ ಕಮಿಂಗ್ ಯೆಸ್ಟರ್‌ಡೇ. ಆರೆಂಜ್ ಬ್ರಿಂಗಿಂಗ್. ಆರೆಂಜ್ ವೆರಿ ಸವರ್..." ಎಂದು ಹಿಂದಿನ ದಿನದ ಕಿತ್ತಳೆಯಿಂದ ಹೊರಟ ವರದಿ, ಮಗ ಎಷ್ಟು ಹೊತ್ತು ಕೂತ, ಹೋಗುವಾಗ ಅಜ್ಜಿ ಕಿಟಕಿಯಲ್ಲಿ ಎಷ್ಟು ಹೊತ್ತು ನಿಂತಳು, ನಿಂತದ್ದಕ್ಕೆ ಮಂಡಿ ನೋವು ಬಂತು, ಮಂಡಿ ನೋವಿಗೆ ನಿದ್ದೆ ಬರಲಿಲ್ಲ, ನಿದ್ದೆ ಬರದ್ದಕ್ಕೆ ಬೆಳಿಗ್ಗೆ ತಿಂಡಿ ಸೇರಲಿಲ್ಲ ಎನ್ನುವಲ್ಲಿಗೆ ಬಂದು ನಿಂತಾಗ ನಾಲ್ಕು ನಿಮಿಷ ಆಗಿತ್ತು. ಸಂಜೆ ಪಾಳಿಯವರು ಗಡಿಯಾರ ನೋಡುತ್ತಿದ್ದರು. ನಾನು ಒಂದು ಅಂಕ ಹಾಕಿದೆ.

ಆಮೇಲೆ ನನ್ನ ಕುತ್ತಿಗೆಯ ಬ್ಯಾಡ್ಜಿನಲ್ಲಿದ್ದ ಹೆಸರು ಓದಿ ಆಕೆಯೇ ಹತ್ತಿರ ಬಂದರು.

"ಏನಪಾ ತಮ್ಮಾ, ಕನ್ನಡದಾಂವ ಏನು ನೀ?"

"ಹೌದು ಆಂಟಿ, ಮೈಸೂರು."

"ಹಂಗಿದ್ರ ನನಗ ಎಷ್ಟ್ ಮಾರ್ಕ್ಸ್ ಹಾಕಿದಿ ತೋರಸು."

"ತೋರಿಸೋ ಹಾಗಿಲ್ಲ ಆಂಟಿ, ರೂಲ್ಸ್."

"ತೋರಸೂದು ಬ್ಯಾಡ ಬಿಡು. ನಿನ್ನ ಮಾರಿ ನೋಡಿದ್ರ ತಿಳೀತು, ಫೇಲು."

ಐವತ್ತೈದರ ಸುಮಾರು ವಯಸ್ಸು. ಮಗಳ ಬಾಣಂತನಕ್ಕೆ ಬಂದವರು, ಅಳಿಯ ಇಂಜಿನಿಯರ್, ಗ್ರೀನ್ ಕಾರ್ಡ್ ಆಯಿತು, ಮೊಮ್ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕೂತು ಕೂತು ಬೇಸರವಾಗಿ ಕೆಲವು ವಾರಗಳ ಆರೈಕೆ ತರಬೇತಿ ಮುಗಿಸಿ ಈ ಕೆಲಸಕ್ಕೆ ಸೇರಿದ್ದರು. ಊರಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡಿದ್ದರಂತೆ. "ಅದಕ್ಕ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ ನೋಡು," ಅನ್ನುತ್ತಿದ್ದರು.

ಆಂಟಿಯ ಪಾಲಿಗಿದ್ದದ್ದು ಮೂವರು. ಅವರಲ್ಲಿ ಒಬ್ಬರು ಈ ಕಿತ್ತಳೆಯ ಅಜ್ಜಿ. ತೊಂಬತ್ತು ದಾಟಿತ್ತು. ಮೊದಲು ಅಷ್ಟಿಷ್ಟು ಇಂಗ್ಲಿಷು ಬರುತ್ತಿತ್ತಂತೆ, ಮರೆವಿನ ಜೊತೆ ಅದೂ ಹೋಗಿ ಜಪಾನಿ ಮಾತ್ರ ಉಳಿದಿತ್ತು. ಆಂಟಿ ಆಕೆಯನ್ನು "ಅವ್ವ" ಅಂತಲೇ ಕರೆಯುತ್ತಿದ್ದರು, ಕನ್ನಡದಲ್ಲೇ ಮಾತಾಡುತ್ತಿದ್ದರು. ಅವ್ವ ಜಪಾನಿಯಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರೂ ಎದುರುಬದುರು ಕೂತು ಮುಖ ಒರೆಸುವ ತೆಳು ಟವೆಲುಗಳನ್ನು ಮಡಿಸುತ್ತಿದ್ದರು. ಆಂಟಿ ನಾಲ್ಕು ಮಡಿಕೆ ಮಾಡಿಟ್ಟದ್ದನ್ನು ಅವ್ವ ಬಿಚ್ಚಿ ಮೂರು ಮಡಿಕೆ ಮಾಡುವುದು, "ಆತಬೇ, ನಿಂದ ಖರೇ" ಅಂತ ಆಂಟಿ ಮತ್ತೆ ನಾಲ್ಕು ಮಡಿಕೆ ಮಾಡುವುದು. ಒಂದು ಸಲ ಆ ಮನೆಯ ಮ್ಯಾನೇಜರ್ ಆಗಿದ್ದ ಜಪಾನಿ ಹೆಂಗಸನ್ನು ಪಕ್ಕಕ್ಕೆ ಕರೆದು, ಅವ್ವ ಏನು ಹೇಳುತ್ತಿದ್ದಾರೆ ಅಂತ ಕೇಳಿದೆ. ಚಿಕ್ಕಂದಿನಲ್ಲಿ ಸೂರಿಗೆ ಹಣ್ಣು ಕಟ್ಟಿ ಒಣಗಿಸುತ್ತಿದ್ದ ಬಗೆಯನ್ನು ವಿವರಿಸುತ್ತಿದ್ದಾರೆ ಎಂದರು. "ಇವರು?" ಅಂತ ಆಂಟಿಯನ್ನು ತೋರಿಸಿದರು. ಕಿವಿಗೊಟ್ಟೆ. ಆಂಟಿ ಚಪಾತಿ ಹಿಟ್ಟನ್ನು ಯಾಕೆ ನೆನೆಯಲು ಬಿಡಬೇಕು ಅಂತ ಹೇಳುತ್ತಿದ್ದರು. ಮಾತು ಎಲ್ಲಿ ನಿಲ್ಲಿಸಿ ತಲೆಯಾಡಿಸಬೇಕೋ ಅಲ್ಲಿ ಇಬ್ಬರೂ ತಲೆಯಾಡಿಸುತ್ತಿದ್ದರು. ಫಾರ್ಮಿನಲ್ಲಿ ಇದಕ್ಕೆ ಖಾನೆ ಇರಲಿಲ್ಲ.

ಅವ್ವ ಚಹಾ ಕುಡಿಯುವ ಚಂದವನ್ನು ನಾನೂ ನೋಡಿದ್ದೆ. ಹಿಡಿಯಿಲ್ಲದ ಪುಟ್ಟ ಲೋಟ. ಬಲಗೈ ಅದನ್ನು ಬಳಸಿ ಹಿಡಿಯುತ್ತಿತ್ತು, ಎಡಗೈ ಅಂಗೈ ಬಿಡಿಸಿ ಕೆಳಗೆ ಬಂದು ನಿಲ್ಲುತ್ತಿತ್ತು. ಮರೆವು ಮಗನ ಹೆಸರನ್ನೇ ಒಯ್ದಿತ್ತು. ಆ ಎಡಗೈಯನ್ನು ಒಯ್ದಿರಲಿಲ್ಲ.

ಈ ಅಂಕಗಳಿಗೆ ಒಂದು ಬಾಲವಿತ್ತು. ಹತ್ತು ವಾರದ ಸರಾಸರಿ ಮೂರಕ್ಕಿಂತ ಕಡಿಮೆ ಇದ್ದವರನ್ನು ಅಜ್ಜ ಅಜ್ಜಿಯರ ಹತ್ತಿರದ ಕೆಲಸದಿಂದ ತೆಗೆದು ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ಹಾಕುವುದು ಅಂತ ಕಂಪನಿ ತೀರ್ಮಾನಿಸಿತ್ತು. ಮೂರನೇ ವಾರ ಆಂಟಿಗೆ ಅದು ಗೊತ್ತಾಯಿತು. ಅವತ್ತು ಅವರು ಬ್ಯಾಡ್ಜ್ ಓದಲಿಲ್ಲ, ನನ್ನ ಮುಖವನ್ನೂ ಓದಲಿಲ್ಲ.

"ಆ ಮುದುಕಿ ಬ್ಯಾರೆಯವರ ಕೈಯಾಗ ಉಣ್ಣೂದಿಲ್ಲ ತಮ್ಮಾ," ಅಂದರು. "ನನ್ನ ಕೆಳಗ ಹಾಕಿದ್ರ ಆಕಿ ಉಪಾಸ ಇರತಾಳ. ಏನ್ ಮಾಡಬೇಕ ಹೇಳು, ಮಾಡತೀನಿ."

ಅದು ಉತ್ಪ್ರೇಕ್ಷೆಯಲ್ಲ. ಆಂಟಿಯ ರಜಾದಿನಗಳಲ್ಲಿ ಅವ್ವನ ತಟ್ಟೆ ಹಾಗೇ ವಾಪಸ್ಸು ಹೋಗುವುದು ನೋಟ್‌ಬುಕ್ಕಿನಲ್ಲೇ ಇತ್ತು.

ಕಲಿಸುವ ಕೆಲಸ ನನ್ನದೇ ತಾನೆ. ಆಂಟಿಯೂ ಕಮ್ಮಿಂಗ್‌ನವರೇ, ಹೆದ್ದಾರಿಯಲ್ಲಿ ಕಾರು ಓಡಿಸಲು ಹೆದರುತ್ತಿದ್ದರು, ಮಗಳು ತಂದುಬಿಟ್ಟು ಹೋಗಬೇಕಿತ್ತು. ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಪಾಠ. ಡ್ಯಾಶ್‌ಬೋರ್ಡಿನ ಮೇಲೆ ಫೋನಿನ ಟೈಮರ್ ಮೂವತ್ತು ಸೆಕೆಂಡಿಗೆ.

"ಕನ್‌ಕ್ಲೂಷನ್ ಫಸ್ಟ್ ಆಂಟಿ. ಮೊದ್ಲು ಏನಾಯ್ತು ಅಂತ. ಆಮೇಲೆ ಬೇಕಾದ್ರೆ ಯಾಕೆ ಅಂತ."

"ಮದವಿ ಆದಮ್ಯಾಲ ಹುಡಗೀ ನೋಡಾಕ ಹೋದಂಗಾತಲ್ಲೋ ಇದು."

"ಇಲ್ಲಿ ಹಾಗೇನೇ."

"ಮದ್ಲಿಂದ ಹೇಳಲಿಲ್ಲಂದ್ರ ನನಗ ಕಡೀಕ ಏನಾತಂತ ನೆನಪ ಆಗೂದಿಲ್ಲಪಾ. ದಾರ ಹಿಡಕೊಂಡು ಹ್ವಾದಂಗ."

"ಆ ದಾರ ಕಟ್ ಮಾಡೋಕೇ ನಂಗೆ ಸಂಬಳ."

ಇದನ್ನು ನಾನು ಹೇಳಿದ್ದು ನಿಜ. ನಗಿಸಲಿಕ್ಕೆ ಹೇಳಿದ್ದೂ ನಿಜ.

ಅವರಿಗೆ ಟೈಮರ್ ಹೊಡೆದುಕೊಂಡದ್ದು ಕೇಳಿಸುತ್ತಿರಲಿಲ್ಲ, ಕಥೆಯ ಭರದಲ್ಲಿರುತ್ತಿದ್ದರು. ಅದಕ್ಕೆ ನಾನು ಆ ಶಬ್ದವನ್ನು ಬಾಯಲ್ಲೇ ಮಾಡಲು ಶುರುಮಾಡಿದೆ. ಫೋನಿಗಿಂತ ಚೆನ್ನಾಗಿ ಮಾಡುತ್ತಿದ್ದೆ, ಜಂಬವಲ್ಲ. "ಪೀಪ್ ಪೀಪ್ ಪೀಪ್, ಟೈಮ್ ಅಪ್ ಆಂಟಿ!" ಅವರು ಬೆಚ್ಚಿ ನಿಲ್ಲಿಸುತ್ತಿದ್ದರು, ನನ್ನ ತೋಳಿಗೊಂದು ಹೊಡೆಯುತ್ತಿದ್ದರು, ನಗುತ್ತಿದ್ದರು. ಆಮೇಲಾಮೇಲೆ ನಾನು ಪಾಠದ ಹೊತ್ತಲ್ಲದಿದ್ದಾಗಲೂ ಪೀಪ್ ಅನ್ನತೊಡಗಿದೆ. ಅಳಿಯನ ಪ್ರಮೋಷನ್ ಕಥೆಗೆ ಪೀಪ್. ಹುಣಸೆಹಣ್ಣು ಸಿಗುವ ಅಂಗಡಿಯ ಕಥೆಗೆ ಪೀಪ್.

ಊಟದ ಕೋಣೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ಅಲ್ಲಿ ನಾನು ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಯಾವುದನ್ನೂ ಆಗದು ಎಂದು ಬಾಯಿಬಿಟ್ಟು ಹೇಳದೆ "ಅದು... ಸ್ವಲ್ಪ..." ಎಂದು ಅರ್ಧಕ್ಕೇ ಬಿಟ್ಟು ನಮ್ಮ ಕಡೆ ನೋಡುವ ಮ್ಯಾನೇಜರನ್ನು ಮಾಡುತ್ತಿದ್ದೆ. ಕ್ಲಿಪ್‌ಬೋರ್ಡನ್ನು ಮಗುವಿನ ಹಾಗೆ ಅವಚಿಕೊಂಡು "ಇಂಟರೆಸ್ಟಿಂಗ್, ಇಂಟರೆಸ್ಟಿಂಗ್" ಎನ್ನುವ ನನ್ನನ್ನೇ ಮಾಡುತ್ತಿದ್ದೆ. ಅದಕ್ಕೆ ಎಲ್ಲಕ್ಕಿಂತ ಜೋರು ನಗು. ಒಂದು ದಿನ ಆಂಟಿಯನ್ನೂ ಮಾಡಿದೆ. ಇಲ್ಲದ ಸೆರಗನ್ನು ಹೆಗಲಿಗೆ ಎಳೆದುಕೊಂಡು, "ಸನ್ ಕಮಿಂಗ್ ಯೆಸ್ಟರ್‌ಡೇ, ಆರೆಂಜ್ ಬ್ರಿಂಗಿಂಗ್" ಅಂತ ಹೊರಟು, ಕಿತ್ತಳೆಯಿಂದ ಅಟ್ಲಾಂಟಾದ ಟ್ರಾಫಿಕ್ಕಿಗೆ, ಅಲ್ಲಿಂದ ಗದಗಿನ ಬಸ್‌ಸ್ಟ್ಯಾಂಡಿಗೆ ಸುತ್ತಿ, ಕೊನೆಗೆ "ಸೋ, ಪೇಷಂಟ್ ಈಸ್ ಡೆಡ್" ಅಂತ ಮುಗಿಸಿದೆ. ಹೈಟಿಯ ಹೆಂಗಸು ಟೇಬಲ್ ಬಡಿದು ನಕ್ಕರು. ಆಂಟಿಯೂ ನಕ್ಕರು. ಕಣ್ಣು ಒರೆಸಿಕೊಂಡು "ಭಾಳ ಶಾಣ್ಯಾ ಅದಿ ಬಿಡು," ಅಂದರು. ಮಾರನೆಯ ದಿನದಿಂದ ಅವರ ವರದಿ ಚಿಕ್ಕದಾಗತೊಡಗಿತು. ನನ್ನ ಪಾಠ ಫಲ ಕೊಟ್ಟಿತು ಅಂತ ನಾನು ರಾಕ್‌ವಿಲ್‌ಗೆ ಇಮೇಲ್ ಬರೆದೆ.

ಆಂಟಿಯ ಅಂಕ ಎರಡಾಯಿತು, ಎರಡೂವರೆಯಾಯಿತು, ಮೂರೂವರೆಯಾಯಿತು. ಏಳನೇ ವಾರಕ್ಕೆ ಆಂಟಿ ಮೂವರ ವರದಿಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ ಕಣ್ಣಲ್ಲೇ ನನ್ನನ್ನು "ಹೆಂಗ?" ಎಂದು ಕೇಳುತ್ತಿದ್ದರು. ನಾನು ಪೆನ್ನೆತ್ತಿ ತೋರಿಸುತ್ತಿದ್ದೆ.

ಎಂಟನೇ ವಾರದ ಗುರುವಾರ ಮೂರು ಗಂಟೆಗೆ ಎಲ್ಲರೂ ವೃತ್ತವಾಗಿ ನಿಂತರು. ಆಂಟಿಯ ಸರದಿ ಬಂತು. ಮೊದಲನೆಯವರಿಗೆ ಕೆಮ್ಮು, ಔಷಧಿ ಕೊಟ್ಟಿದೆ. ಎರಡನೆಯವರು ಸ್ನಾನ ಬೇಡವೆಂದರು, ನಾಳೆ ಮತ್ತೆ ಕೇಳಬೇಕು. ಅವ್ವನ ಹೆಸರು ಹೇಳಿ ಆಂಟಿ ಒಂದು ಕ್ಷಣ ನಿಂತರು. ಬಾಯಿ ತೆರೆದದ್ದು ಮಾಸ್ಕಿನ ಬಟ್ಟೆ ಒಳಗೆಳೆದುಕೊಂಡದ್ದರಲ್ಲಿ ಗೊತ್ತಾಯಿತು. ನನ್ನ ಕಡೆ ನೋಡಿದರು. ನಾನು ಹುಬ್ಬು ಹಾರಿಸಿದೆ, ಎಂದಿನಂತೆ. "ನೋ ಸ್ಪೆಷಲ್ ಚೇಂಜ್," ಅಂದರು. ಸಂಜೆ ಪಾಳಿಯವರು ಅದನ್ನೇ ತಿರುಗಿ ಹೇಳಿ ಬರೆದುಕೊಂಡರು. ಐದಕ್ಕೆ ಐದು. ಆ ಮನೆಯಲ್ಲಿ ನಾನು ಯಾರಿಗೇ ಆಗಲಿ ಕೊಟ್ಟ ಮೊದಲ ಐದು.

ವಾಪಸ್ಸು ಹೋಗುವಾಗ ಕಾರಿನಲ್ಲಿ ನಾನು ಆ ಐದನ್ನು ಹೇಳಿಬಿಟ್ಟೆ, ರೂಲ್ಸು ಮುರಿದು. ಆಂಟಿ ಹೆಚ್ಚೇನೂ ಖುಷಿಪಡಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದವರು, "ತಮ್ಮಾ, ಇವತ್ತ ಅವ್ವಗ ಚಾ ಕೊಟ್ಟಿದ್ನಿ ನೋಡು, ಆವಾಗ..." ಎಂದು ಏನೋ ಶುರುಮಾಡಿದರು. "ಪೀಪ್ ಪೀಪ್ ಪೀಪ್! ಟೈಮ್ ಅಪ್! ಐದು ತಗೊಂಡೋರು ಕಥೆ ಹೇಳೋ ಹಾಗಿಲ್ಲ ಆಂಟಿ," ಅಂದೆ. ನಕ್ಕೆ. ಅವರು ತೋಳಿಗೆ ಹೊಡೆಯಲಿಲ್ಲ, ಆದರೆ ಸ್ವಲ್ಪ ನಕ್ಕ ಹಾಗಾಯಿತು. ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ನಾನು ಬೇರೇನೋ ಮಾತಾಡುತ್ತಿದ್ದೆ.

ಆರೂವರೆಗೆ ಅಕ್ಕನ ಮನೆಯಲ್ಲಿ ದೋಸೆ ತಿನ್ನುತ್ತಿದ್ದಾಗ ಮ್ಯಾನೇಜರ ಫೋನ್ ಬಂತು. ಐದೂವರೆಗೆ ಊಟಕ್ಕೆ ಎಬ್ಬಿಸಲು ಹೋದವರಿಗೆ ಅವ್ವ ಕುರ್ಚಿಯಲ್ಲಿ ಎಡಕ್ಕೆ ವಾಲಿ ಕೂತಿದ್ದು ಕಂಡಿತಂತೆ, ಬಾಯಿ ಸೊಟ್ಟಗಾಗಿತ್ತಂತೆ. ಪಾರ್ಶ್ವವಾಯು. ಆಸ್ಪತ್ರೆಯವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಕೊನೆಯ ಸಲ ಇವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ? ನೋಟ್‌ಬುಕ್ಕಿನಲ್ಲಿ ಮೂರು ಗಂಟೆ, ನೋ ಸ್ಪೆಷಲ್ ಚೇಂಜ್ ಎಂದಿದೆ. ನೀವೂ ಅಲ್ಲಿದ್ದಿರಲ್ಲ, ಹಾಗೇ ಹೇಳಿದರೇ?

"ಹೌದು, ಬಹಳ ಸ್ಪಷ್ಟವಾಗಿ ಹೇಳಿದರು," ಅಂದೆ. ಆ ಹೊತ್ತಿನಲ್ಲೂ ನನ್ನ ದನಿಯಲ್ಲಿ ಮೇಷ್ಟ್ರ ಹೆಮ್ಮೆ ಇತ್ತು, ನನಗೇ ಕೇಳಿಸಿತು.

ಆಂಟಿಗೆ ಫೋನ್ ಮಾಡಿ ಸುದ್ದಿ ಹೇಳಿದೆ, ಆಸ್ಪತ್ರೆಯವರು ಕೇಳುತ್ತಿರುವುದನ್ನೂ ನಾವು ಮೂರು ಗಂಟೆ ಅಂದದ್ದನ್ನೂ ಹೇಳಿದೆ.  ಆ ಕಡೆ ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದಳು, ಆಂಟಿ ಅವಳನ್ನು ಆಚೆ ಕಳಿಸಿದರು.

"ಮೂರಕ್ಕಲ್ಲ," ಅಂದರು ಆಮೇಲೆ. "ಎರಡಕ್ಕ."

"ಏನು ಎರಡಕ್ಕೆ?"

"ಎರಡಕ್ಕ ಚಾ ಕೊಟ್ಟಾಗ ಆಕಿ ಎಡಗೈ ಬರಲಿಲ್ಲೋ ಲೋಟದ ಕೆಳಗ. ತೊಡಿಮ್ಯಾಲ ಹಂಗ ಬಿದ್ದಿತ್ತು. ಬಲಗೈಲೇ ಕುಡದ್ಲು. ನಾ ನೋಡಿದ್ನಿ. ಉಳದದ್ದೆಲ್ಲಾ ಬರೋಬ್ಬರಿ ಇತ್ತು, ನಕ್ಕಳು ಸೈತ. ಕೈ ಒಂದು ಬರಲಿಲ್ಲ."

 ಇಲ್ಲಿ ನಾನು ಮಾಡಿದ್ದನ್ನೂ ಬರೆಯಬೇಕು. "ಆಂಟಿ, ಈಗ್ಲೇ ಏನೂ ಹೇಳ್ಬೇಡಿ. ನೋಡಿನೂ ರಿಪೋರ್ಟ್ ಮಾಡ್ಲಿಲ್ಲ ಅಂದ್ರೆ ನಿಮ್ಮನ್ನ ಫ್ಲೋರ್‌ನಿಂದ ತೆಗೆದು ಕೆಳಗೆ ಹಾಕ್ತಾರೆ. ನಾಳೆ ಬೆಳಿಗ್ಗೆ ನಾನು ಫಾರ್ಮ್ ನೋಡ್ಕೊಂಡು ಹೇಗೆ ಹೇಳೋದು ಅಂತ..."

"ದವಾಖಾನಿಯವರು ಕೇಳಾಕತ್ತಾರ ಅಂದೆಲ್ಲ, ಈಗ ಕೇಳಾಕತ್ತಾರ. ನೀ ಫೋನ್ ಇಡು."

ಇಟ್ಟರು. ಮ್ಯಾನೇಜರಿಗೆ ತಾವೇ ಫೋನ್ ಮಾಡಿದರು. ಆಮೇಲೆ ಮ್ಯಾನೇಜರ್ ನನಗೆ ಹೇಳಿದ ಪ್ರಕಾರ ಮೊದಲು ಗಂಟೆ ಹೇಳಿದರಂತೆ, ಎರಡು ಅಂತ. ಆಸ್ಪತ್ರೆಗೆ ಅದನ್ನು ತಿಳಿಸಿ ಮ್ಯಾನೇಜರ್ ತಿರುಗಿ ಫೋನ್ ಮಾಡಿದಾಗ, ಬೆಳಿಗ್ಗೆ ಕೂದಲು ಬಾಚಿದ್ದರಿಂದ ಹಿಡಿದು ಒಂದೊಂದನ್ನೂ ಹೇಳಿದರಂತೆ. "ನಾನು ತಡೆಯಲಿಲ್ಲ," ಎಂದರು ಮ್ಯಾನೇಜರ್. ಬೆಳಿಗ್ಗೆ ಬಾಚಣಿಗೆ ಅವ್ವನ ಎಡಗೈಯಿಂದ ಒಮ್ಮೆ ಜಾರಿತ್ತಂತೆ. ಊಟದ ಹೊತ್ತಿಗೆ ಮಗ ತಂದ ಕಿತ್ತಳೆಯನ್ನು ಅವ್ವ ಸುಲಿಯದೆ ಆಂಟಿಯ ಕೈಗೆ ಕೊಟ್ಟಿದ್ದರಂತೆ. ಯಾವತ್ತೂ ತಾವೇ ಸುಲಿಯುತ್ತಿದ್ದವರು.

ಆ ಹೊತ್ತಿನ ವ್ಯತ್ಯಾಸದಿಂದ ಡಾಕ್ಟರು ಮಾಡುವುದರಲ್ಲಿ ಏನಾದರೂ ಬದಲಾಯಿತೋ, ಮೂರು ಗಂಟೆಗೇ ಹೇಳಿದ್ದರೆ ಬೇರೆಯಾಗುತ್ತಿತ್ತೋ ನನಗೆ ಗೊತ್ತಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ.

ಮಾರನೆಯ ದಿನ ಮ್ಯಾನೇಜರ ಕೋಣೆಗೆ ಹೋಗಿ, ಆಂಟಿಗೆ ಹಾಗೆ ಹೇಳಲು ಕಲಿಸಿದ್ದು ನಾನು, ಟೈಮರ್ ಇಟ್ಟು ಕಲಿಸಿದ್ದು ಅಂದೆ. ಆಕೆ ನಾನು ಅಷ್ಟು ದಿನ ಮಾಡಿ ತೋರಿಸುತ್ತಿದ್ದ ಹಾಗೆಯೇ "ಅದು... ಸ್ವಲ್ಪ..." ಅಂದರು. ಮುಂದೆ ಹೇಳಲಿಲ್ಲ. ಎದ್ದು ನಿಂತು ನನ್ನ ಮುಂದೆ ತಲೆ ಬಾಗಿಸಿದರು. ಫಾರ್ಮು ತರಿಸಿದ್ದು ತಮ್ಮ ಕಂಪನಿ, ಕ್ಷಮಿಸಿ ಅಂದರು. ನನಗೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಿಯಮ ಇತ್ತು, ನಿಯಮದಂತೆ ಆಯಿತು. ಕಂಡೂ ವರದಿ ಮಾಡದವರು ಮರುತರಬೇತಿ ಮುಗಿಯುವ ತನಕ ಅಜ್ಜ ಅಜ್ಜಿಯರ ಹತ್ತಿರ ಇರುವಂತಿಲ್ಲ. ಆಂಟಿ ಕೆಳಗಿನ ಕೋಣೆಗೆ ಹೋದರು, ದೊಡ್ಡ ಮಷೀನುಗಳಿಂದ ಬಿಸಿಬಿಸಿ ಟವೆಲು ತೆಗೆದು ಮಡಿಸುವ ಕೆಲಸಕ್ಕೆ. ಅಂಕ ಕಡಿಮೆಯಾದರೆ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ, ಐದು ಅಂಕ ತಗೊಂಡು. ಮಗಳೇ ಕರೆದುಕೊಂಡು ಬರತೊಡಗಿದಳು. ನನ್ನ ಕಾರು ಬೇಡ ಅಂತ ಆಂಟಿ ಹೇಳಲಿಲ್ಲ, ಮಗಳಿಗೆ ಈಗ ಪುರುಸೊತ್ತಿದೆ ಅಂದರು.

ಅವ್ವ ಆಮೇಲೆ ಹದಿನಾರು ದಿನ ಬದುಕಿದ್ದರು. ಆಸ್ಪತ್ರೆಯಲ್ಲಿ ಯಾರ ಕೈಯಿಂದಲೂ ತಿನ್ನಲಿಲ್ಲ. ತಿನ್ನಲು ಬಾಯಿಯೂ ತೆರೆಯುತ್ತಿರಲಿಲ್ಲವಂತೆ. ಆಂಟಿ ಎರಡು ಭಾನುವಾರ ಹೋಗಿ ಕೂತು ಬಂದರೆಂದು ಆಮೇಲೆ ತಿಳಿಯಿತು.

ಮಗ ಸಾಮಾನು ಒಯ್ಯಲು ಬಂದ ದಿನ ಕೆಲಸದವರಿಗೆಲ್ಲ ಕೃತಜ್ಞತೆಗೆಂದು ಒಂದು ಪೆಟ್ಟಿಗೆ ಕಿತ್ತಳೆ ತಂದಿದ್ದ. ಅವರಲ್ಲಿ ಹಾಗೆ ಏನಾದರೂ ಕೊಟ್ಟೇ ಹೋಗುತ್ತಾರಂತೆ. ಊಟದ ಕೋಣೆಯ ಟೇಬಲ್ಲಿನ ಮೇಲೆ ಪೆಟ್ಟಿಗೆ ತೆರೆದಿತ್ತು, ಯಾರೂ ಮುಟ್ಟಿರಲಿಲ್ಲ. ಆಂಟಿ ಕೆಳಗಿನಿಂದ ಬಂದರು, ಮಾಸ್ಕ್ ಇಳಿಸಿದರು, ಒಂದು ಹಣ್ಣು ಸುಲಿದು ಒಂದು ತೊಳೆ ಬಾಯಿಗೆ ಹಾಕಿಕೊಂಡರು. ಮುಖ ಹುಳಿಗೆ ಕಿವುಚಿತು. ಹೈಟಿಯ ಹೆಂಗಸು, ಫಿಲಿಪೀನ್ಸಿನ ಇಬ್ಬರು, ಎಲ್ಲರೂ ಒಟ್ಟಿಗೆ ನನ್ನ ಕಡೆ ನೋಡಿದರು. "ಆರೆಂಜ್ ವೆರಿ ಸವರ್" ಎಂಬ ಆ ಸಾಲು ಎಲ್ಲರಿಗೂ ಬಾಯಿಪಾಠವಾಗಿತ್ತು, ಮೊದಲ ಸಲದ ನಗುವಿನ ಮೇಲೆ ನಾನು ಅಷ್ಟು ಸಲ ಹೇಳಿದ್ದೆ. ನಾನು ಕಾಫಿ ಮಷೀನಿನ ಕಡೆ ತಿರುಗಿಕೊಂಡೆ. ಆಂಟಿ ಉಳಿದ ತೊಳೆಗಳನ್ನೂ ಒಂದೊಂದಾಗಿ ತಿಂದು ಮುಗಿಸಿ ಕೆಳಗೆ ಹೋದರು.

ಹತ್ತು ವಾರ ಹೇಗೋ ಹನ್ನೊಂದಾಗಿ ಮುಗಿಯಿತು. ರಾಕ್‌ವಿಲ್‌ಗೆ ಹೊರಡುವ ಹಿಂದಿನ ಭಾನುವಾರ ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಚಕ್ಕುಲಿ ಹಿಡಿದುಕೊಂಡು ಆಂಟಿಯ ಮಗಳ ಮನೆಗೆ ಹೋದೆ. ಬಾಗಿಲು ತೆಗೆದ ಮೊಮ್ಮಗಳು ನನ್ನನ್ನು ನೋಡಿ, "ಅಜ್ಜಿ, ದಿ ಫನ್ನಿ ಅಂಕಲ್ ಈಸ್ ಹಿಯರ್," ಅಂತ ಕೂಗಿದಳು. ಮನೆಯಲ್ಲೂ ಆಂಟಿ ನನ್ನ ಬಗ್ಗೆ ಹಾಗೆ ಹೇಳಿದ್ದರೆಂದು ಆಗ ಗೊತ್ತಾಯಿತು. ಅವರು ಸೋಫಾದಲ್ಲಿ ಕೂತು ಮಕ್ಕಳ ಬಟ್ಟೆ ಮಡಿಸುತ್ತಿದ್ದರು. ಟವೆಲುಗಳನ್ನು ಮೂರು ಮಡಿಕೆ ಮಾಡುತ್ತಿದ್ದರು.

"ಬಾರೋ, ಕೂಡು. ಚಾ ಮಾಡ್ಲೇನು?"

"ಬೇಡ ಆಂಟಿ."

ಮರುತರಬೇತಿಗೆ ಹೋಗುವುದಿಲ್ಲ ಅಂದರು. ಕೆಳಗಿನ ಕೋಣೆಯೇ ಬರೋಬ್ಬರಿ ಇದೆ, ಟವೆಲು ಮಾತಾಡುವುದಿಲ್ಲ ಅಂದರು. ನಾನು ಚಕ್ಕುಲಿಯ ಡಬ್ಬಿ ಹಿಡಿದುಕೊಂಡೇ ಕೂತಿದ್ದೆ. ಕ್ಷಮೆ ಕೇಳಲು ಬಂದಿದ್ದವನು, ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದವನು. ಬಾಯಿಂದ ಬಂದದ್ದು ಬೇರೆ. ತಪ್ಪಿನಲ್ಲಿ ಅವರದ್ದೂ ಒಂದು ಚೂರು ಇದೆ ಅಂತ ಅವರ ಬಾಯಿಂದಲೇ ಕೇಳಿಸಿಕೊಳ್ಳುವ ಆಸೆ ಎಲ್ಲೋ ಒಳಗಿತ್ತೇನೋ.

"ಹ್ಯಾಂಡೋವರ್‌ನಲ್ಲಿ ಬಿಡಿ ಆಂಟಿ, ಅಲ್ಲಿ ನಾನು ಪೆನ್ ಹಿಡ್ಕೊಂಡು ನಿಂತಿದ್ದೆ. ಆದ್ರೆ ಕಾರಲ್ಲಿ ನಾವಿಬ್ರೇ ಇದ್ವಲ್ಲ. ಕಾರಲ್ಲಾದ್ರೂ ನಂಗೊಂದು ಮಾತು ಹೇಳ್ಬಹುದಿತ್ತು. ತಕ್ಷಣ ಫೋನ್ ಮಾಡ್ತಿದ್ದೆ."

ಆಂಟಿ ಕೈಯಲ್ಲಿದ್ದ ಟವೆಲನ್ನು ಮಡಿಸಿ ಮುಗಿಸಿದರು, ಉಳಿದವುಗಳ ಮೇಲಿಟ್ಟರು, ಅಂಗೈಯಿಂದ ಒಮ್ಮೆ ಒತ್ತಿದರು.

"ನಾ ಚಾದಿಂದ ಸುರು ಮಾಡಿದ್ನೆಲ್ಲೋ ತಮ್ಮಾ. ನೀ ಬಾಯಿಲೇ ಗಂಟಿ ಬಾರಸಿದಿ."